ಓಖ್ಲಾದಲ್ಲಿ ಒಂದಿಷ್ಟು ಪುರುಸೊತ್ತು

1935ರ ಮಾರ್ಚ್ 1ರಂದು ದಿಲ್ಲಿಯ ದಕ್ಷಿಣಕ್ಕೆ, ಯಮುನೆಯ ದಂಡೆಗೆ ಹತ್ತಿರದ ಓಖ್ಲಾ ಹಳ್ಳಿಯ ಬಯಲಿನಲ್ಲಿ ಒಂದು ಶಾಲೆಯ ಕಟ್ಟಡಕ್ಕೆ ಅಡಿಗಲ್ಲು ಬಿತ್ತು. ಇಂಥ ಕಾರ್ಯಕ್ಕೆ ಗವರ್ನರನ್ನೋ ನವಾಬರನ್ನೋ ಕರೆಯುವುದು ಆ ಕಾಲದ ವಾಡಿಕೆ. ಅಂದು ಕಲ್ಲಿಟ್ಟವನು ಅದೇ ಶಾಲೆಯ ಎಲ್ಲರಿಗಿಂತ ಚಿಕ್ಕ ವಿದ್ಯಾರ್ಥಿ, ಅಬ್ದುಲ್ ಅಜೀಜ್ ಎಂಬ ಹುಡುಗ. ಸಂಸ್ಥೆಯ ಹೆಸರು ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ. ಅದರ ಬಳಿ ಹಣವಿರಲಿಲ್ಲ, ಸರ್ಕಾರದ ಮನ್ನಣೆಯಿರಲಿಲ್ಲ. ಇದ್ದದ್ದು ಒಂದು ಪ್ರತಿಜ್ಞೆ.

ಆ ಪ್ರತಿಜ್ಞೆ ಹುಟ್ಟಿದ್ದು 1928ರಲ್ಲಿ. ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಬ್ರಿಟಿಷರ ನೆರವಿನ ಕಾಲೇಜು ಬಿಟ್ಟುಬಂದವರು 1920ರ ಅಕ್ಟೋಬರ್‌ನಲ್ಲಿ ಅಲೀಗಢದಲ್ಲಿ ಜಾಮಿಯಾ ಕಟ್ಟಿದ್ದರು. 1925ರಲ್ಲಿ ಅದು ದಿಲ್ಲಿಯ ಕರೋಲ್ ಬಾಗ್‌ಗೆ ಬಂತು. ಅದನ್ನು ಹೊತ್ತು ಸಾಕುತ್ತಿದ್ದ ಹಕೀಂ ಅಜ್ಮಲ್ ಖಾನರು 1927ರ ಕೊನೆಯಲ್ಲಿ ತೀರಿಕೊಂಡಾಗ ಸಂಸ್ಥೆ ಮುಚ್ಚುವ ಸ್ಥಿತಿಗೆ ಬಂತು. ಆಗ ಅಧ್ಯಾಪಕರೇ ಮುಂದೆ ಬಂದು, ಇಪ್ಪತ್ತು ವರ್ಷ ಇಲ್ಲೇ ಇರುತ್ತೇವೆ, ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಸಂಬಳ ಕೇಳುವುದಿಲ್ಲ ಎಂದು ಮಾತು ಕೊಟ್ಟರು. ಆ 150 ಕೂಡ ತಿಂಗಳು ತಿಂಗಳು ಕೈಸೇರುತ್ತಿರಲಿಲ್ಲ.

ಮಾತು ಕೊಟ್ಟವರಿಗೆ ಬೇರೆ ದಾರಿ ಇರಲಿಲ್ಲವೆಂದಲ್ಲ. ಜಾಕಿರ್ ಹುಸೇನರು ಬರ್ಲಿನ್‌ನಲ್ಲಿ ಅರ್ಥಶಾಸ್ತ್ರದ ಡಾಕ್ಟರೇಟ್ ಪಡೆದವರು. ಮುಹಮ್ಮದ್ ಮುಜೀಬರು ಆಕ್ಸ್‌ಫರ್ಡ್‌ನಲ್ಲಿ ಇತಿಹಾಸ ಓದಿ, ಜರ್ಮನಿಯಲ್ಲಿ ಮುದ್ರಣ ಕಲಿತವರು. ಆಬಿದ್ ಹುಸೇನರದೂ ಬರ್ಲಿನ್ನಿನ ಡಾಕ್ಟರೇಟ್. ಮುಂದೆ ಗಾಂಧೀಜಿಯವರ ಆತ್ಮಕಥೆಯನ್ನು ಉರ್ದುವಿಗೆ ತಂದವರು ಇವರೇ. ಮೂವರೂ 1926ರಲ್ಲಿ ಮರಳಿ ಬಂದರು. ಯಾವ ವಿಶ್ವವಿದ್ಯಾಲಯವಾದರೂ ಕರೆದು ಕುರ್ಚಿ ಹಾಕುತ್ತಿದ್ದ ಜನ.

ಬದುಕನ್ನು ಸರಳ ಮಾಡಿಕೊಳ್ಳಬೇಕು, ಸ್ವಲ್ಪ ನಿಧಾನಿಸಬೇಕು ಎಂಬ ಮಾತು ಇವತ್ತು ಎಲ್ಲರ ಬಾಯಲ್ಲೂ ಇದೆ. ಬೀರು ಖಾಲಿ ಮಾಡಿ, ಫೋನು ಪಕ್ಕಕ್ಕಿಡಿ, ಬೆಳಿಗ್ಗೆ ಬೇಗ ಏಳಿ ಎನ್ನುವ ಸಲಹೆಗಳೂ ಬೇಕಾದಷ್ಟಿವೆ. ಈ ಸಲಹೆಗಳಂತೆ ನಡೆದವರು ಆರು ತಿಂಗಳಲ್ಲಿ ಮತ್ತೆ ಮೊದಲಿನ ಗಡಿಬಿಡಿಗೆ ಬೀಳುವುದನ್ನು ನಾನು ನೆಂಟರಿಷ್ಟರಲ್ಲಿ ಬಹಳ ಕಂಡಿದ್ದೇನೆ. ಅವರಲ್ಲಿ ಮನಸ್ಸಿನ ಗಟ್ಟಿತನಕ್ಕೆ ಕೊರತೆಯಿರಲಿಲ್ಲ. ಏನನ್ನು ಬಿಡಬೇಕು ಎಂಬುದನ್ನು ಮೊದಲು ಯೋಚಿಸಿದರು, ಯಾವುದಕ್ಕಾಗಿ ಬಿಡಬೇಕು ಎಂಬುದನ್ನು ಯೋಚಿಸಲಿಲ್ಲ. ಜಾಮಿಯಾದವರದು ಇದಕ್ಕೆ ತಿರುಗುಮುರುಗು. ಅವರಿಗೆ ಒಂದು ಶಾಲೆ ಬೇಕಿತ್ತು. ಅದಕ್ಕೆ ಇಪ್ಪತ್ತು ವರ್ಷ ಹಿಡಿಯುತ್ತದೆ ಎಂದು ಗೊತ್ತಿತ್ತು. ಉಳಿದದ್ದು ತಾನಾಗಿಯೇ ಕಳಚಿತು.

ಓಖ್ಲಾ ಆಗ ನಿಧಾನದ ಊರೇ. 1874ರಲ್ಲಿ ಬ್ರಿಟಿಷರು ಇಲ್ಲಿ ಯಮುನೆಗೆ ಅಡ್ಡಗಟ್ಟೆ ಹಾಕಿ ಆಗ್ರಾ ಕಾಲುವೆ ತೆಗೆದಿದ್ದರು. ಬಂಡೆಯ ತಳವಿಲ್ಲದೆ ಬರೀ ನುಣ್ಣನೆಯ ಮರಳಿನ ಮೇಲೆ ಕಲ್ಲು ಪೇರಿಸಿ ನಿಲ್ಲಿಸಿದ ಆ ಕಟ್ಟೆಯನ್ನು ನೀರಾವರಿ ಎಂಜಿನಿಯರಿಂಗ್ ಓದಿದವರು ಇಂದಿಗೂ ಪಠ್ಯದಲ್ಲಿ ಕಾಣುತ್ತಾರೆ. ಕಟ್ಟೆಯ ಬಳಿಯ ನೀರು, ನೆರಳು, ಮೀನು ಇವಿಷ್ಟಕ್ಕಾಗಿ ದಿಲ್ಲಿಯ ಜನ ರಜೆಯ ದಿನ ಟಾಂಗಾ ಕಟ್ಟಿಸಿಕೊಂಡು ಬುತ್ತಿಯೊಡನೆ ಬರುತ್ತಿದ್ದರು. ಪಟ್ಟಣದ ಹೊರಗಿನ ಅಂಥ ಜಾಗಕ್ಕೆ ಶಾಲೆ ಬಂದದ್ದು ಜಾಗ ಅಗ್ಗವೆಂಬ ಕಾರಣಕ್ಕೂ ಇರಬಹುದು. ಮಕ್ಕಳಿಗೆ ಒಳ್ಳೆಯದೇ ಆಯಿತು.

ಆ ಶಾಲೆಯೊಳಗೆ ಏನು ನಡೆಯುತ್ತಿತ್ತು ಎಂಬುದು ನನ್ನನ್ನು ಬಹಳ ಸೆಳೆಯುತ್ತದೆ. ಮಕ್ಕಳೇ ನಡೆಸುವ ಅಂಗಡಿ ಇತ್ತು. ಮಕ್ಕಳದೇ ಬ್ಯಾಂಕು ಇತ್ತು. ಕೋಳಿ ಸಾಕುತ್ತಿದ್ದರು, ತೋಟ ಮಾಡುತ್ತಿದ್ದರು. ಅಂಗಡಿಯ ಲೆಕ್ಕ ತಪ್ಪಿದರೆ ಅದೇ ಗಣಿತದ ಪಾಠ. ಇಂಥ ಪಾಠಕ್ಕೆ ಹೊತ್ತು ಬೇಕು. ಒಂದು ಮಗು ಚಿಲ್ಲರೆ ಎಣಿಸಿ, ತಪ್ಪಿ, ಮತ್ತೆ ಎಣಿಸುವ ತನಕ ಮೇಷ್ಟರು ಸುಮ್ಮನೆ ನಿಂತಿರಬೇಕು. ಸಿಲಬಸ್ ಮುಗಿಸುವ ತರಾತುರಿ ಇದ್ದವರಿಂದ ಆಗುವ ಕೆಲಸವಲ್ಲ. ಮುಂದೆ 1937ರಲ್ಲಿ ವರ್ಧಾದಲ್ಲಿ ಗಾಂಧೀಜಿ ಕರೆದ ಶಿಕ್ಷಣ ಸಮಾವೇಶ ಕೈಕೆಲಸದ ಮೂಲಕ ಕಲಿಕೆ ಎಂಬ ನಯೀ ತಾಲೀಮಿನ ಯೋಜನೆ ರೂಪಿಸುವ ಹೊಣೆಯನ್ನು ಜಾಕಿರ್ ಹುಸೇನರ ಸಮಿತಿಗೆ ಒಪ್ಪಿಸಿದ್ದು ಸುಮ್ಮನೆ ಅಲ್ಲ. ಅದೇ ದಶಕದಲ್ಲಿ ನಮ್ಮ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರೂ ಮಕ್ಕಳ ಜೊತೆ ಇಂಥದೇ ಪ್ರಯೋಗಗಳಲ್ಲಿ ಮುಳುಗಿದ್ದರು.

ಈ ಶಾಲೆಗೆ ಬರ್ಲಿನ್‌ನಿಂದ ಒಬ್ಬ ಹೆಣ್ಣುಮಗಳೂ ಬಂದಳು. ಗೆರ್ಡಾ ಫಿಲಿಪ್ಸ್‌ಬೋರ್ನ್, ಅನುಕೂಲಸ್ಥ ಯಹೂದಿ ಮನೆತನದವಳು. ಜಾಕಿರ್ ಹುಸೇನರೂ ಗೆಳೆಯರೂ ಬರ್ಲಿನ್‌ನಲ್ಲಿದ್ದಾಗಿನ ಪರಿಚಯ. ಎಲ್ಲವನ್ನೂ ಬಿಟ್ಟು ಬಂದು, ಚಿಕ್ಕ ಮಕ್ಕಳ ತರಗತಿ ಮತ್ತು ಹಾಸ್ಟೆಲ್ಲಿನ ಕೆಲಸ ಹಿಡಿದಳು. ಮಕ್ಕಳಿಗೆ ಅವಳು ಆಪಾ ಜಾನ್, ಅಂದರೆ ಪ್ರೀತಿಯ ಅಕ್ಕ. ಯುದ್ಧ ಬಂದಾಗ ಜರ್ಮನಿಯವಳೆಂದು ಬ್ರಿಟಿಷರು ಅವಳನ್ನು ಕೆಲಕಾಲ ಬಂಧನದಲ್ಲಿಟ್ಟರು. ಬಿಡುಗಡೆಯಾಗಿ ಮತ್ತೆ ಓಖ್ಲಾಕ್ಕೇ ಬಂದು 1943ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಳು. ಜಾಮಿಯಾದ ಸ್ಮಶಾನದಲ್ಲೇ ಅವಳ ಸಮಾಧಿ ಇದೆ. ಜಾಮಿಯಾದ ಶಿಶುಪಾಲನಾ ಕೇಂದ್ರಕ್ಕೆ ಅವಳ ಹೆಸರಿದೆ. ಅವಳದು ತ್ಯಾಗ ಎಂದು ಹೇಳಿ ಮುಗಿಸಿಬಿಡುವುದು ಸುಲಭ. ನನಗೆ ಹಾಗೆ ಕಾಣುವುದಿಲ್ಲ. ಅವಳಿಗೆ ಮಕ್ಕಳ ನಡುವೆ ಇರಬೇಕಿತ್ತು, ಇದ್ದಳು.

ಸರಳವಾಗಿ ಬದುಕುವುದೆಂದರೆ ಒಣಗಿ ಬದುಕುವುದು ಎಂಬ ಅಂಜಿಕೆ ಅನೇಕರಿಗಿದೆ. ಜಾಕಿರ್ ಹುಸೇನರ ಬದುಕಿನಲ್ಲಿ ಅದಕ್ಕೆ ಉತ್ತರವಿದೆ. ಸಂಬಳ ಸರಿಯಾಗಿ ಬಾರದ ಆ ಮನುಷ್ಯನಿಗೆ ಗುಲಾಬಿಯೆಂದರೆ ಜೀವ. ಬಗೆಬಗೆಯ ಕಲ್ಲುಗಳನ್ನು, ಶಿಲೆಯಾದ ಪುರಾತನ ಜೀವಿಗಳ ಗುರುತುಗಳನ್ನು ಕೂಡಿಡುತ್ತಿದ್ದರು. ಅಂದವಾದ ಕೈಬರಹಕ್ಕೆ, ಒಳ್ಳೆಯ ಮುದ್ರಣಕ್ಕೆ ಮನಸೋಲುತ್ತಿದ್ದರು. ಬರ್ಲಿನ್‌ನಲ್ಲಿ ಓದುವಾಗಲೇ, 1925ರಲ್ಲಿ, ಅಲ್ಲಿನ ಕಾವಿಯಾನಿ ಮುದ್ರಣಾಲಯದಲ್ಲಿ ಗಾಲಿಬನ ದಿವಾನ್ ಅಚ್ಚು ಹಾಕಿಸಿದ್ದರು. ಇಪ್ಪತ್ತು ವರ್ಷದ ಮಾತು ಮುಗಿಯುವವರೆಗೆ, 1948ರ ತನಕ, ಜಾಮಿಯಾದ ಕುಲಪತಿಯಾಗಿದ್ದರು. 1967ರಲ್ಲಿ ರಾಷ್ಟ್ರಪತಿಯಾದರು. ಚಂಡೀಗಢದ ದೊಡ್ಡ ಗುಲಾಬಿ ತೋಟಕ್ಕೆ ಅವರ ಹೆಸರು ಇರುವುದು ಇದೇ ಪ್ರೀತಿಯಿಂದ. 1969ರ ಮೇ 3ರಂದು ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಅವರನ್ನು ಮಣ್ಣು ಮಾಡಿದ್ದು ಓಖ್ಲಾದಲ್ಲಿ, ಜಾಮಿಯಾದ ಅಂಗಳದಲ್ಲಿ.

ಜಾಮಿಯಾ ಓಖ್ಲಾದಲ್ಲಿ ನೆಲೆಯೂರುತ್ತಿದ್ದ ಹೊತ್ತಿಗೇ, 1936ರಲ್ಲಿ, ರಿಚರ್ಡ್ ಗ್ರೆಗ್ ಎಂಬ ಅಮೆರಿಕದ ವಕೀಲರು ಸ್ವಇಚ್ಛೆಯ ಸರಳತೆಯ ಬಗ್ಗೆ ಒಂದು ಪ್ರಬಂಧ ಬರೆದರು. ಇವತ್ತಿನ ಸರಳ ಬದುಕಿನ ಮಾತುಗಳಿಗೆಲ್ಲ ಅದು ತಾಯಿಬೇರು. ಗ್ರೆಗ್ 1925ರಲ್ಲಿ ಭಾರತಕ್ಕೆ ಬಂದು ಗಾಂಧೀಜಿಯ ಜೊತೆ ಇದ್ದವರು. ಎಲ್ಲವನ್ನೂ ಬಿಡಬಲ್ಲೆ, ಪುಸ್ತಕಗಳನ್ನು ಮಾತ್ರ ಬಿಡಲಾಗುತ್ತಿಲ್ಲ ಎಂದು ಅವರು ಒಮ್ಮೆ ಗಾಂಧೀಜಿಯ ಬಳಿ ಹೇಳಿಕೊಂಡರಂತೆ. ಹಾಗಾದರೆ ಬಿಡಬೇಡಿ ಎಂದರು ಗಾಂಧೀಜಿ. ಒಂದು ವಸ್ತುವಿನಿಂದ ಒಳಗೆ ನೆಮ್ಮದಿ, ಬಲ ಸಿಗುತ್ತಿರುವಷ್ಟು ಕಾಲ ಅದನ್ನು ಇಟ್ಟುಕೊಳ್ಳಬೇಕು. ಕರ್ತವ್ಯವೆಂದು ಬಲವಂತದಿಂದ ಬಿಟ್ಟರೆ ಮನಸ್ಸು ಅದನ್ನೇ ಹುಡುಕುತ್ತಿರುತ್ತದೆ ಎಂಬುದು ಅವರ ಮಾತಿನ ತಾತ್ಪರ್ಯ. ಮನೆಯ ಹಳೆಯ ಹಿತ್ತಾಳೆ ಪಾತ್ರೆಗಳನ್ನು ಯಾರದೋ ಪುಸ್ತಕದ ಮಾತು ಕೇಳಿ ಗುಜರಿಗೆ ಹಾಕಿ ಆಮೇಲೆ ಕೊರಗಿದ ಗೃಹಿಣಿಯರಿದ್ದಾರೆ. ಗಾಂಧೀಜಿಯಷ್ಟು ಕಡಿಮೆ ವಸ್ತುಗಳಲ್ಲಿ ಬಾಳಿದವರೇ ಹೀಗೆ ಹೇಳಿದ್ದಾರೆಂದು ಅವರಿಗೆ ಮೊದಲೇ ಗೊತ್ತಾಗಿದ್ದರೆ ಚೆನ್ನಾಗಿತ್ತು.

ಆದರೂ ಕಡಿಮೆ ಮಾಡುವುದು ಏಕಿಷ್ಟು ಕಷ್ಟ? ಮನಸ್ಸಿಗೆ ಅದು ಮೊದಲು ಹೊಳೆಯುವುದೇ ಇಲ್ಲ. 2021ರ ಏಪ್ರಿಲ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ತೋರಿಸಿದರು. ಮಕ್ಕಳ ಲೆಗೋ ಇಟ್ಟಿಗೆಗಳಿಂದ ಒಂದು ಪುಟ್ಟ ಕಟ್ಟಡ ಮಾಡಿ, ಅದರ ಚಾವಣಿಯನ್ನು ಮೂಲೆಯ ಒಂದೇ ಇಟ್ಟಿಗೆಯ ಮೇಲೆ ನಿಲ್ಲಿಸಿದ್ದರು. ಮೇಲೆ ಭಾರ ಇಟ್ಟರೂ ಕುಸಿಯದಂತೆ ಇದನ್ನು ಸರಿಪಡಿಸಿ ಎಂದು ಜನರನ್ನು ಕೇಳಿದರು. ಹೊಸ ಇಟ್ಟಿಗೆ ಸೇರಿಸಿದರೆ ಒಂದೊಂದಕ್ಕೂ ಹತ್ತು ಸೆಂಟ್ ಕಡಿತ. ಆ ಮೂಲೆಯ ಇಟ್ಟಿಗೆ ತೆಗೆದುಬಿಟ್ಟರೆ ಚಾವಣಿ ಕೆಳಗೆ ಕೂತು ಭದ್ರವಾಗುತ್ತದೆ, ಖರ್ಚೂ ಇಲ್ಲ. ಹೀಗೆ ತೆಗೆದವರು ಶೇ 41 ಮಂದಿ ಮಾತ್ರ. ಇಟ್ಟಿಗೆ ತೆಗೆಯುವುದಕ್ಕೆ ಖರ್ಚಿಲ್ಲ ಎಂದು ಬಾಯಿಬಿಟ್ಟು ನೆನಪಿಸಿದಾಗ ಅದು ಶೇ 61ಕ್ಕೆ ಏರಿತು. ಒಂದು ವಾಕ್ಯ ಸಾಕಾಯಿತು ಎಂಬುದು ನನಗೆ ಭರವಸೆ ಕೊಡುವ ಸಂಗತಿ.

ಮನೆಗಳಲ್ಲೂ ಇದೇ ನಡೆಯುತ್ತದೆ. ಮಗು ಓದಿನಲ್ಲಿ ಹಿಂದೆ ಬಿದ್ದರೆ ಇನ್ನೊಂದು ಟ್ಯೂಷನ್. ಸುಸ್ತಾದರೆ ಯೋಗದ ಕ್ಲಾಸ್. ಕ್ಲಾಸಿಗೆ ಹೊತ್ತಾಗದಿದ್ದರೆ ಹೊತ್ತು ಹೊಂದಿಸಲು ಮೊಬೈಲಿನಲ್ಲಿ ಇನ್ನೊಂದು ಆ್ಯಪ್. ಇವುಗಳಲ್ಲಿ ಯಾವುದನ್ನು ತೆಗೆದರೆ ಚಾವಣಿ ತಾನಾಗಿ ಕೂರುತ್ತದೆ ಎಂದು ವಾರಕ್ಕೊಮ್ಮೆ ಮನೆಮಂದಿ ಕೂತು ಕೇಳಿಕೊಂಡರೆ ಬಹಳ ದೂರ ಹೋಗಬಹುದು. ನಮ್ಮಲ್ಲಿ ಮೊದಲು ಹೋದದ್ದು ರಾತ್ರಿಯ ಅಡುಗೆಯ ಬಗೆಗಳು. ಅನ್ನ, ಒಂದು ತಿಳಿಸಾರು, ಒಂದು ಪಲ್ಯ. ಮನೆಗೆ ಬಂದವರಿಗೂ ಅದೇ. ಅಡುಗೆ ಕಡಿಮೆಯಾದ ಮೇಲೆ ಬರುವವರು ಹೆಚ್ಚಾದರು; ಬಂದವರೆದುರು ನಾವು ಒಲೆಯ ಮುಂದೆ ನಿಂತಿರದೆ ಅವರ ಪಕ್ಕ ಕೂತಿರುತ್ತೇವೆ.

ಓಖ್ಲಾದ ಚಳಿಗಾಲದಲ್ಲಿ ಕೂರುವ ಈ ಸುಖವನ್ನು ಎಲ್ಲೆಡೆ ಕಾಣಬಹುದು. ಡಿಸೆಂಬರ್ ಕೊನೆಗೆ ಮಂಜು ಹರಿದು ಹನ್ನೊಂದು ಗಂಟೆಯ ಬಿಸಿಲು ಬಿದ್ದರೆ ಬಟ್ಲಾ ಹೌಸ್, ಜಾಕಿರ್ ನಗರ, ಓಖ್ಲಾ ವಿಹಾರದ ಮಹಡಿಗಳ ಮೇಲೆ ಜನವೇ ಜನ. ಮಂಡಿಯಿಂದ ಹಸಿ ಬಟಾಣಿ ಚೀಲಗಟ್ಟಲೆ ಬಂದಿರುತ್ತದೆ. ಅಕ್ಕಪಕ್ಕದ ಮನೆಯವರೆಲ್ಲ ಚಾಪೆ ಹಾಸಿ ಬಟಾಣಿ ಬಿಡಿಸುತ್ತಾರೆ. ಹೆಬ್ಬೆರಳಿನಿಂದ ಸಿಪ್ಪೆಯ ನಡುವೆ ಒತ್ತಿದರೆ ಟಪ್ಪನೆ ಬಾಯಿ ಬಿಡುತ್ತದೆ. ಒಳಗಿನ ಕಾಳನ್ನು ಒಂದೇ ಎಳೆತಕ್ಕೆ ತಟ್ಟೆಗೆ ಇಳಿಸುವುದು ಅಭ್ಯಾಸದ ಕೆಲಸ. ಮಕ್ಕಳು ಬಿಡಿಸಿದ್ದಕ್ಕಿಂತ ತಿಂದದ್ದು ಜಾಸ್ತಿ. ಒಂದು ಸಲ ನಾನು ಬೇಗ ಬೇಗ ಬಿಡಿಸಿ ಎದ್ದು ಹೊರಟಾಗ ಪಕ್ಕದ ಮನೆಯ ಖಾಲಾ ನನ್ನ ಕೈ ಹಿಡಿದು, "ಕೂತ್ಕೋ ಬೇಟಿ, ಬಟಾಣಿ ಎಲ್ಲೂ ಓಡಿ ಹೋಗಲ್ಲ. ಬಿಸಿಲು ಹೋಗತ್ತೆ" ಎಂದರು. ನನ್ನ ತವರಿನಲ್ಲಿ ಅವರೆಕಾಯಿಯ ಕಾಲದಲ್ಲಿ ಜಗಲಿಯ ಮೇಲೆ ನಡೆಯುತ್ತಿದ್ದುದೂ ಇದೇ. ರಾತ್ರಿ ನೆನೆಹಾಕಿದ ಕಾಳನ್ನು ಬೆಳಿಗ್ಗೆ ಒಂದೊಂದಾಗಿ ಹಿಚುಕಿ ಬೇಳೆ ಮಾಡುವ ಹೊತ್ತಿಗೆ ಊರಿನ ಸುದ್ದಿ, ಮದುವೆಯ ಮಾತುಕತೆ, ಯಾರದೋ ಜಗಳದ ರಾಜಿ ಎಲ್ಲ ಮುಗಿದಿರುತ್ತಿತ್ತು. ಈಗ ಬಿಡಿಸಿದ ಅವರೆಕಾಳು, ಬಿಡಿಸಿದ ಬಟಾಣಿ ಪೊಟ್ಟಣದಲ್ಲಿ ಸಿಗುತ್ತವೆ. ಪೊಟ್ಟಣದಿಂದ ಉಳಿಯುವ ಒಂದು ಗಂಟೆಯಲ್ಲಿ ಇಷ್ಟು ಕೆಲಸ ಆಗುವುದಿಲ್ಲ.

ಕನ್ನಡ ನಾಡಿನಲ್ಲಿ ಜಾಕಿರ್ ಹುಸೇನರ ಹಾದಿಯವರು ಯಾರು ಎಂದರೆ ನನಗೆ ನೆನಪಾಗುವವರು ಎಚ್. ನರಸಿಂಹಯ್ಯನವರು. ಗೌರಿಬಿದನೂರಿನ ಹೊಸೂರಿನ ಬಡ ಮನೆಯಲ್ಲಿ 1920ರಲ್ಲಿ, ಜಾಮಿಯಾ ಹುಟ್ಟಿದ ವರ್ಷವೇ, ಹುಟ್ಟಿದವರು. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪಿಎಚ್.ಡಿ. ಮಾಡಿ ಮರಳಿ ಬಂದು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬದುಕಿನ ಬಹುಪಾಲು ಕಳೆದರು. ಖಾದಿ ಬಟ್ಟೆ, ಟೋಪಿ, ಬೇಕಾದಷ್ಟು ಪುಸ್ತಕ. ಸಂಸಾರ ಮಾಡಿಕೊಳ್ಳಲಿಲ್ಲ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ಜನಸಾಮಾನ್ಯರಿಗೆ ವಿಜ್ಞಾನದ ಉಪನ್ಯಾಸಗಳನ್ನು ಏರ್ಪಡಿಸುತ್ತ ಹೋದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಅಷ್ಟೊಂದು ಕೆಲಸ ಮಾಡಿದ ವ್ಯಕ್ತಿ ವಿದ್ಯಾರ್ಥಿಗಳು ಬಂದರೆ ಮಾತಿಗೆ ಸಿಗುತ್ತಿದ್ದರು. ಮನೆ, ಕಾರು, ಆಸ್ತಿ ನೋಡಿಕೊಳ್ಳಬೇಕಾದವರಿಗೆ ಆ ಪುರುಸೊತ್ತು ಎಲ್ಲಿಂದ ಬರಬೇಕು?

ಹೀಗೆ ಪೂರ್ತಿ ಬದುಕನ್ನೇ ಒಂದು ಕೆಲಸಕ್ಕೆ ಕೊಡುವುದು ಎಲ್ಲರಿಂದಾಗದು, ಆಗಬೇಕಾಗಿಯೂ ಇಲ್ಲ. ಮನೆಯಿಂದ ಹೊರಬಿದ್ದು ಎರಡು ಗಂಟೆ ಸುಮ್ಮನೆ ಇರಲು ಬಯಸುವವರಿಗೆ ಓಖ್ಲಾದಲ್ಲಿ ಒಂದು ಜಾಗವಿದೆ. 1980ರ ದಶಕದಲ್ಲಿ ಇಲ್ಲಿ ಹೊಸ ಬ್ಯಾರೇಜು ಬಂದು ಹಿಂದೆ ನೀರು ನಿಂತಿತು. ನೀರು ನಿಂತಲ್ಲಿ ಹೂಳು, ಜೊಂಡು, ಜೊಂಡಿನಲ್ಲಿ ಹುಳುಹುಪ್ಪಟೆ, ಅದನ್ನರಸಿ ಹಕ್ಕಿಗಳು. 1990ರಲ್ಲಿ ಉತ್ತರ ಪ್ರದೇಶ ಸರ್ಕಾರ ಸುಮಾರು ನಾಲ್ಕು ಚದರ ಕಿಲೋಮೀಟರಿನ ಈ ಜಾಗವನ್ನು ಪಕ್ಷಿಧಾಮವೆಂದು ಘೋಷಿಸಿತು. 300ಕ್ಕೂ ಹೆಚ್ಚು ಬಗೆಯ ಹಕ್ಕಿಗಳು ಇಲ್ಲಿ ದಾಖಲಾಗಿವೆ. ಪಕ್ಷಿಧಾಮದ ಹೆಸರಿನದೇ ಮೆಟ್ರೊ ನಿಲ್ದಾಣವೂ ಇದೆ. ನೀರು ಕೊಳಕು ಎಂಬುದನ್ನು ಮುಚ್ಚಿಡುವುದಿಲ್ಲ. ದಿಲ್ಲಿಯ ಚರಂಡಿಗಳನ್ನೆಲ್ಲ ಹೊತ್ತು ಬರುವ ಯಮುನೆ ಇಲ್ಲಿ ವಾಸನೆ ಹೊಡೆಯುತ್ತದೆ, ಕಾಳಿಂದಿ ಕುಂಜದ ಬಳಿ ಬಿಳಿ ನೊರೆ ಕಟ್ಟುತ್ತದೆ. ಅಂಥ ನೀರಿಗೂ ಮಧ್ಯ ಏಷ್ಯಾದ ಬಾತುಗಳು ಚಳಿಗಾಲಕ್ಕೆ ಬಂದಿಳಿಯುವುದನ್ನು ನೋಡಿದಾಗ ನಾಚಿಕೆಯಾಗುತ್ತದೆ.

ಹಕ್ಕಿ ನೋಡಲು ಹೋದವರು ಮೊದಲ ಕಾಲು ಗಂಟೆ ಏನೂ ಇಲ್ಲ ಎನ್ನುತ್ತಾರೆ. ಓಡಾಡುತ್ತಾರೆ, ಫೋಟೊ ತೆಗೆಯುತ್ತಾರೆ, ಹೊರಟುಬಿಡುತ್ತಾರೆ. ಕೂತವರಿಗೆ ಕಾಣುತ್ತದೆ. ಹಣೆಯ ಮೇಲೆ ಬಿಳಿ ಪಟ್ಟಿಯಿರುವ ನಾಮಗೋಳಿಗಳು ಜೊಂಡಿನಿಂದ ಒಂದೊಂದಾಗಿ ಹೊರಬರುತ್ತವೆ. ಕಪ್ಪು ಬಿಳಿ ಮಿಂಚುಳ್ಳಿ ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು, ಕೊಕ್ಕು ಕೆಳಗೆ ಮಾಡಿ, ಹಾಗೇ ಬೀಳುತ್ತದೆ. ಬಹಳ ಸಲ ಬರಿಗೊಕ್ಕಿನಲ್ಲಿ ಮೇಲೇಳುತ್ತದೆ. ಮತ್ತೆ ಅದೇ ಎತ್ತರಕ್ಕೆ ಹೋಗಿ ನಿಲ್ಲುತ್ತದೆ. ಅದೃಷ್ಟವಿದ್ದರೆ ಪಟ್ಟೆತಲೆ ಹೆಬ್ಬಾತು ಕಾಣಿಸೀತು. ಹಿಮಾಲಯ ದಾಟಿ ಬರುವ ಈ ಹಕ್ಕಿ ಗದಗ ಜಿಲ್ಲೆಯ ಮಾಗಡಿ ಕೆರೆಗೂ ದೊಡ್ಡ ಸಂಖ್ಯೆಯಲ್ಲಿ ಹೋಗುತ್ತದೆ. ಅಲ್ಲಿ ಸುತ್ತಲ ಊರಿನವರು ಹೊಲದ ಬದುವಿನಿಂದಲೇ ನೋಡುವುದನ್ನು ನಾವು ಇಲ್ಲಿ ಟಿಕೆಟ್ ಕೊಂಡು ನೋಡುತ್ತೇವೆ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಅರ್ಧ ಓಖ್ಲಾ ಮಾತ್ರ. ಉಳಿದರ್ಧ ಕಾರ್ಖಾನೆಗಳದು. 1950ರ ದಶಕದ ಕೊನೆಯ ವೇಳೆಗೆ ಸಣ್ಣ ಕೈಗಾರಿಕೆಗಳಿಗೆಂದು ಇಲ್ಲಿ ಎಸ್ಟೇಟು ತಲೆಯೆತ್ತಿತು, ಆಮೇಲೆ ಅದು ಒಂದು, ಎರಡು, ಮೂರು ಎಂದು ಹಂತ ಹಂತವಾಗಿ ಹಬ್ಬಿತು. ಬಟ್ಟೆ ಹೊಲಿಯುವ ಕಾರ್ಖಾನೆಗಳಲ್ಲಿ ಪೀಸ್ ಲೆಕ್ಕದಲ್ಲಿ ದುಡಿಯುವವರಿದ್ದಾರೆ. ಒಂದು ಕಾಲರಿಗೆ ಇಷ್ಟು, ಒಂದು ತೋಳಿಗೆ ಇಷ್ಟು. ಅವರಿಗೆ ನಿಧಾನಿಸಿ ಎಂದು ಹೇಳುವ ಬಾಯಿ ನಮಗಿಲ್ಲ. ನಿಧಾನಿಸಿದಷ್ಟೂ ಕೂಲಿ ಇಳಿಯುತ್ತದೆ. ಅವರಿಗೆ ಬಿಡುವು ಕೊಟ್ಟದ್ದೇನಾದರೂ ಇದ್ದರೆ ಅದು ಕಾನೂನು. 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿ, ಮೀರಿದರೆ ದುಪ್ಪಟ್ಟು ಕೂಲಿ ಕೊಡಬೇಕೆಂದಿತು. ಆ ಮಿತಿಯನ್ನು ಉಳಿಸಿಕೊಳ್ಳುವುದು, ಕಾಗದದಿಂದ ಇಳಿಸಿ ಕಾರ್ಖಾನೆಯೊಳಗೆ ತರುವುದು ಸಾವಿರಾರು ಮನೆಗಳ ಸಂಜೆಗೆ ಸಂಬಂಧಿಸಿದ ವಿಷಯ.

ಬೇರೆಯವರ ಹೊತ್ತಿನ ಈ ಲೆಕ್ಕದಲ್ಲಿ ಮನೆಯಲ್ಲಿ ಕೂತ ನಾವೂ ಸೇರಿದ್ದೇವೆ. 2017ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಆ್ಯಶ್ಲಿ ವಿಲನ್ಸ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕ, ಕೆನಡಾ, ಡೆನ್ಮಾರ್ಕ್, ನೆದರ್ಲೆಂಡ್ಸ್‌ಗಳ 6,000ಕ್ಕೂ ಹೆಚ್ಚು ಜನರನ್ನು ಕೇಳಿದಾಗ, ಹೊತ್ತು ಉಳಿಸಲು ದುಡ್ಡು ಖರ್ಚು ಮಾಡುವವರು ಬದುಕಿನಲ್ಲಿ ಹೆಚ್ಚು ತೃಪ್ತರಾಗಿದ್ದರು. ಅಡುಗೆಯವರು, ಕಸ ಗುಡಿಸುವವರು, ಸಾಮಾನು ತರುವವರು ಇವರಿಗೆ ಕೊಡುವ ದುಡ್ಡು ಅದು. ಒಪ್ಪುವ ಮಾತೇ. ಕಾಯಿಲೆಯವರನ್ನು ನೋಡಿಕೊಳ್ಳುವ ಹೆಂಗಸಿಗೆ ಅಡುಗೆಯಲ್ಲಿ ಒಂದು ಕೈ ಸಿಕ್ಕಿದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಕೇಳಬೇಕಾದ್ದು ಇಷ್ಟು: ನಾನು ಉಳಿಸಿದ ಹೊತ್ತನ್ನು ಯಾರು ತೆತ್ತರು? ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ತರಿಸಿಕೊಂಡರೆ ಆ ಹತ್ತು ನಿಮಿಷದ ಅವಸರ ಮಾಯವಾಗುವುದಿಲ್ಲ. ನಮ್ಮ ಮನೆಯಿಂದ ಇಳಿದು, ಮಥುರಾ ರಸ್ತೆಯ ಟ್ರಾಫಿಕ್ಕಿನಲ್ಲಿ ಬೈಕ್ ಓಡಿಸುವ ಹುಡುಗನ ಹೆಗಲೇರುತ್ತದೆ.

ನಮ್ಮ ಕಟ್ಟಡದ ನಾಲ್ಕಾರು ಮನೆಯವರು ಸೇರಿ ಈಗ ತರಕಾರಿಗೆ ಒಂದು ವ್ಯವಸ್ಥೆ ಮಾಡಿಕೊಂಡಿದ್ದೇವೆ. ಕೈಗಾಡಿಯ ತರಕಾರಿಯವರು ವಾರಕ್ಕೆ ಎರಡು ಸಲ, ಗೊತ್ತಾದ ಹೊತ್ತಿಗೆ, ಓಖ್ಲಾ ಮಂಡಿಯಿಂದ ನೇರವಾಗಿ ಬರುತ್ತಾರೆ. ಏನು ಬೇಕೆಂದು ಹಿಂದಿನ ಸಲವೇ ಹೇಳಿಟ್ಟಿರುತ್ತೇವೆ. ಮಧ್ಯೆ ಕೊತ್ತಂಬರಿ ಮುಗಿದರೆ ಸಾರಿಗೆ ಕರಿಬೇವು ಸಾಕು, ಅದೂ ಇಲ್ಲದಿದ್ದರೆ ಖಾಲಾ ಮನೆಯ ಬಾಗಿಲು ತಟ್ಟುವುದು. ಗಾಡಿಯವರಿಗೆ ಎಷ್ಟು ಮಾಲು ತರಬೇಕೆಂಬುದು ಮೊದಲೇ ಗೊತ್ತಿರುವುದರಿಂದ ಬೆಳಿಗ್ಗೆ ಹತ್ತರೊಳಗೆ ಖಾಲಿಯಾಗುತ್ತದೆ, ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತಾರೆ.